ಬಂದ್ಯೋಡಿನ ಗೋಡೆ ಕೊಯ್ದದ್ದು

ವಾಚನಾಲಯದ ಮಾಡು ಮೊದಲೇ ಇಳಿಸಿದ್ದರು.
ಹಂಚು ಯಾರದೋ ಕೊಟ್ಟಿಗೆಗೆ, ಪಕ್ಕಾಸು ಯಾರದೋ ಒಲೆಗೆ.
ಉಳಿದದ್ದು ರಸ್ತೆಗೆ ಮುಖ ಮಾಡಿದ ಒಂದೇ ಗೋಡೆ,
ಮೇಲೆ ಆಕಾಶ, ಹಿಂದೆಯೂ ಆಕಾಶ,
ಮೈಮೇಲೆ ಶಿರಿಯ ಹೊಳೆ.

ಆರು ಪಥದ ಗುತ್ತಿಗೆದಾರ ಹೇಳಿದ:
ಎಂಟು ದಿವಸ. ಒಂಬತ್ತನೆಯ ದಿವಸ ಜೇಸಿಬಿ.
ಪಂಚಾಯತಿನವರು ಕರೆಸಿದರು:
ದೂಮಣ್ಣ, ಕಟ್ಟುವಾಗ ಇದ್ದವರಲ್ಲಿ ಉಳಿದದ್ದು ನೀನೊಬ್ಬ,
ಕೊಯ್ಯಲೂ ನೀನೇ ಬರಬೇಕು.

ಆಗ ನನಗೆ ಹದಿಮೂರು. ಸುಣ್ಣ ಮರಳು ಕಲಸುವ ಕೆಲಸ.
ಡ್ರಾಯಿಂಗಿನ ಬಲ್ಲಾಳ ಮಾಷ್ಟ್ರಲ್ಲಿ ಬಣ್ಣಕ್ಕೆ ದುಡ್ಡಿರಲಿಲ್ಲ,
ಒಡೆದದ್ದು ಏನಾದರೂ ಕೊಡಿ ಅಂತ ಮನೆಮನೆಗೆ ಹೋದರು.
ಅಬ್ಬಾಸಿಚ್ಚನ ಹೋಟೆಲಿನ ನೀಲಿ ಬಸಿ, ದಡದ ನೀರು.
ಗೋಲಿ ಸೋಡಾದ ಬಾಟಲಿ, ಆಳದ ನೀರು.
ಹಂಚಿನ ಚೂರು ದೋಣಿ.
ಬೀಪಾತುಮ್ಮನ ಮದುವೆಯ ಬಳೆ
ಮೀನಿನ ಹೆಡಿಗೆ ಹೊತ್ತವಳ ಕೈಗೆ ಹೋಯಿತು.
ಡಾಕ್ಟರ ಹೊಸಮನೆಯ ಕಕ್ಕಸಿಗೆ ತರಿಸಿ ಮಿಕ್ಕ ಬಿಳಿ ಟೈಲು
ಕೊಕ್ಕರೆಯ ರೆಕ್ಕೆ.
ಇದೊಂದು ಯಾರಿಗೂ ಹೇಳಬೇಡ ಅಂದಿದ್ದರು ಮಾಷ್ಟ್ರು.
ಐವತ್ತು ವರ್ಷ ಹೇಳಲಿಲ್ಲ.

ಬಲಕ್ಕೆ ದೊಡ್ಡ ಮೀನು. ಅದರ ಬಾಲ
ಹೊಳೆಯನ್ನೂ ದಾಟಿ ಕಿಟಕಿಯ ಚೌಕಟ್ಟಿನವರೆಗೆ.
ತುಳುವಿನಲ್ಲಿ, ಮಲಯಾಳದಲ್ಲಿ, ಬ್ಯಾರಿಯಲ್ಲಿ, ಕನ್ನಡದಲ್ಲಿ
ಊರಿಡೀ ಹೇಳುತ್ತಿದ್ದದ್ದು ಒಂದೇ:
ಬಾಲದ ಅಡಿಯಲ್ಲಿ ನಿಲ್ಲು, ಬರುತ್ತೇನೆ.
ಬರುವವರು ಬಂದರು. ಬಾರದವರಿಗೆ ಕಾದು ಒರಗಿದವರ
ತಲೆ ಎಣ್ಣೆಯ ಕಲೆ ಸಾಲಾಗಿ ಉಂಟು ಆಳೆತ್ತರದಲ್ಲಿ.
ತೊಳೆಯಬೇಕಾ ಅಂತ ಕೇಳಿದಳು ರಂಸೀನ,
ಚಿತ್ರ ಕಲಿತ ಹುಡುಗಿ, ಕಾಸರಗೋಡಿಂದ ಬಂದವಳು.
ನಾನು ಬಾಯಿ ತೆರೆಯುವ ಮೊದಲು
ಬೇಡ ಅಂದವಳೂ ಅವಳೇ.

ಚಕ್ಕೆ ಏಳದ ಹಾಗೆ ಮೈದಾ ಗೋಂದಿನಲ್ಲಿ
ಹಳೆ ಪಂಚೆ ಹಚ್ಚಿದೆವು ಚಿತ್ರದ ಮುಖಕ್ಕೆ.
ಹೆಣಕ್ಕೆ ಹೊದಿಸಿದ ಹಾಗಾಯಿತಲ್ಲ, ಅಂದ ರಿಕ್ಷಾದವ.
ಜ್ವರಕ್ಕೆ ಒದ್ದೆ ಬಟ್ಟೆ ಇಟ್ಟದ್ದು, ಅಂದಳು ರಂಸೀನ.
ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಇಪ್ಪತ್ತಮೂರು ತುಂಡು.

ನಾಲ್ಕನೆಯದು ಬಿಟ್ಟುಕೊಂಡಾಗ
ಮುರಕಲ್ಲಿಗೆ ಅಂಟಿ ಉಳಿದ ಒಳಗಾರೆಯ ಮೇಲೆ
ಮೊಳೆಯಲ್ಲಿ ಗೀರಿದ ಗೆರೆಗಳು. ಹನ್ನೊಂದು.
ನನ್ನದೇ ಸಂಬಳದ ಲೆಕ್ಕ.
ಒಂಬತ್ತಕ್ಕೆ ಅಡ್ಡಗೆರೆ, ಎರಡು ದಿನದ್ದು ಬಾಕಿ.
ಮಾಷ್ಟ್ರು ತೀರಿ ಮೂವತ್ತು ವರ್ಷ ಆಯಿತು,
ನಾನೂ ಮರೆತಿದ್ದೆ.
ಗೋಡೆ ಮರೆತಿರಲಿಲ್ಲ ಮಾರಾಯ್ರೆ.
ಆ ಗೆರೆಯನ್ನು ಯಾರೂ ಕೊಯ್ಯಲು ಹೇಳಲಿಲ್ಲ.
ಒಂಬತ್ತನೆಯ ದಿವಸ ಜೇಸಿಬಿ ತೆಗೆದುಕೊಂಡಿತು.

ಈಗ ಇಪ್ಪತ್ತೆರಡು ತುಂಡು ಶಾಲೆಯ ಸೈಕಲ್ ಶೆಡ್ಡಿನಲ್ಲಿ,
ನೀಲಿ ಟರ್ಪಾಲಿನ ಅಡಿ.
ಬಾಲದ ತುದಿ ಲಾರಿಯಿಂದ ಇಳಿಸುವಾಗ ಹೋಯಿತು.
ಹೊಸ ಗೋಡೆ ಯಾರ ಜಾಗದಲ್ಲಿ ಅಂತ ಮೂರು ಮೀಟಿಂಗು,
ನಾಲ್ಕನೆಯದಕ್ಕೆ ಕೋರಂ ಇಲ್ಲ.
ಅಲ್ಲಿ ರಸ್ತೆ ಈಗ ತಲೆಯ ಮೇಲೆ ಹೋಗುತ್ತದೆ.
ಕೆಳಗೆ, ಸರ್ವಿಸ್ ರೋಡಿನ ಬಿಸಿಲಲ್ಲಿ ನಿಂತವರು
ಮೊಬೈಲಿನಲ್ಲಿ ಹೇಳುತ್ತಾರೆ: ಬಾಲದ ಅಡಿಯಲ್ಲಿದ್ದೇನೆ.

ಆದಿತ್ಯವಾರ ಹೋಗಿ ಟರ್ಪಾಲು ಎತ್ತಿ ನೋಡುವುದುಂಟು.
ಅಂಬಿಗನ ಕೈ ಹದಿನಾಲ್ಕರಲ್ಲಿ, ಹುಟ್ಟು ಆರರಲ್ಲಿ.
ಎರಡರ ನಡುವೆ ಯಾರದೋ ಕೋಳಿ ಮೊಟ್ಟೆ ಇಟ್ಟಿದೆ.

ಒಂದು ಮಾತು ಮೀಟಿಂಗಿನಲ್ಲಿ ಹೇಳಲಿಲ್ಲ.
ಕಟ್ಟರಿನ ಬ್ಲೇಡು ಹೋದಲ್ಲೆಲ್ಲ
ಅದರ ದಪ್ಪದಷ್ಟು ಚಿತ್ರ ಧೂಳಾಗಿದೆ,
ವಾರವಿಡೀ ನಾನು ಕೆಮ್ಮಿದ್ದು ಅದನ್ನೇ.
ಯಾವಾಗ, ಯಾರು ಜೋಡಿಸಿದರೂ
ಹೊಳೆ ಒಂದಂಗುಲ ಕಿರಿದಾಗಿಯೇ ಕೂರುತ್ತದೆ.
ಆಚೆ ದಡ ಅಷ್ಟು ಹತ್ತಿರ.
ನೋಡುವವರಿಗೆ ತಿಳಿಯಲಿಕ್ಕಿಲ್ಲ.
ಅಂಬಿಗನಿಗೆ ಗೊತ್ತಾಗಬಹುದು.