ಆರು ಖೋಲಿಯ ವೇಬಿಲ್

ಮೂವತ್ತೊಂದು ವರ್ಷ ಬಸ್ಸಿನಾಗ ನಿಂತು
ಮಂದಿ ಎಣಿಸಿದಾಂವ ನಾ.
ರಿಟೈರಾದ ಮ್ಯಾಲ
ಧಾರವಾಡದ ಸಪ್ತಾಪುರದಾಗ, ಕೋಚಿಂಗ್ ಕ್ಲಾಸಿನ ಹಿಂದಿನ ಗಲ್ಲಿ,
ಮ್ಯಾಲ ಮೂರು ಕೆಳಗ ಮೂರು ಖೋಲಿ ಹಿಡದೆ.
ಗ್ರಾಚ್ಯುಟಿ, ಪಿ.ಎಫ್ಫು, ಕಸ್ತೂರೆವ್ವನ ಪಾಟ್ಲಿ,
ಉಳದದ್ದು ಬ್ಯಾಂಕಿನ ಸಾಲ.

ಅಳಿಯ ಮೊಬೈಲಿನಾಗ ಕೂಡಿಸಿ ಕಳದು ಅಂದ:
"ಮಾವಾರ, ಮೂವತ್ತೆಂಟು ಲಕ್ಷಕ್ಕ ಇದು ಆರೂವರಿ ಪರ್ಸೆಂಟು.
ಎಫ್.ಡಿ. ಇಟ್ಟಿದ್ರ ಏಳು. ಅದರ
ನಳ ಸೋರೂದಿಲ್ಲ."
ಖರೇನ.
ಆದ್ರ ಎಫ್.ಡಿ.ಯ ಕಟ್ಟಿ ಮ್ಯಾಲ ಕುಂತು
ಸಂಜಿಕೆ ಚಾ ಕುಡಿಯಾಕ ಬರೂದಿಲ್ಲ ಅಂದೆ.
ಅಂವ ನಕ್ಕ. ನಾ ರಾತ್ರಿ ನಿದ್ದಿ ಮಾಡಲಿಲ್ಲ.

ಲೆಕ್ಕ ಹಿಂಗ:
ಖೋಲಿಗೆ ಮೂರೂವರಿ ಸಾವಿರ, ಆರೂ ತುಂಬಿದ್ರ ಇಪ್ಪತ್ತೊಂದು.
ಕಂತು ಹದಿಮೂರು ಸಾವಿರದ ಒಂಬೈನೂರು.
ಉಳದದ್ದರಾಗ ಕಾರ್ಪೊರೇಷನ್ ಪಟ್ಟಿ, ಮೋಟರ್ ರಿಪೇರಿ,
ಆರನೇ ದಿನಕ್ಕೂ ನೀರು ಬಿಡದಿದ್ರ ಟ್ಯಾಂಕರು,
ಯಾರು ತೊಳೀಬೇಕಂತ ಯಾರಿಗೂ ಗೊತ್ತಿಲ್ಲದ ಪಾವಟಗಿ.
ಎರಡು ಖೋಲಿ ಖಾಲಿ ಬಿದ್ರ
ಕೈಯಾಗ ನೂರು ರೂಪಾಯಿ.
ಖಾಲಿ ಸೀಟಿನ ಬಸ್ಸೂ ಡೀಸೆಲ್ ಕುಡೀತೈತಿ,
ಇದನ್ನ ನನಗ ಯಾರೂ ಕಲಿಸಬೇಕಾಗಿರಲಿಲ್ಲ.

ಬಾಡಿಗಿಗೆ ಬಂದವರನ್ನ ಏನು ಕೇಳೂದು?
ಬಾಜೂ ಬಿಲ್ಡಿಂಗಿನವರು ಮೊದಲ ಅಡ್ಡಹೆಸರು ಕೇಳ್ತಾರ,
ಆಮ್ಯಾಲ, ತತ್ತಿ ತಿಂತೀರೇನು ಅಂತ.
ನಾ ಬಸ್ಸಿನಾಗ ಯಾರ ಅಡ್ಡಹೆಸರೂ ಕೇಳಿದಾಂವಲ್ಲ.
ಎಲ್ಲಿಗೆ ಅಂತಿದ್ದೆ, ಅಷ್ಟ.
ಇಲ್ಲೂ ಅದನ್ನ ಕೇಳ್ತೇನಿ:
"ಎಲ್ಲಿಗೆ?"
"ಪಿ.ಎಸ್.ಐ. ರೀ." "ಪಿ.ಡಿ.ಓ." "ಎಫ್.ಡಿ.ಎ. ಆದ್ರೂ ಸಾಕ್ರಿ."

ಮೂರನೇ ನಂಬರಿನಾಗ ಸಾಬಣ್ಣ, ಯಾದಗಿರಿ ಕಡಿಯಾಂವ.
ಹನ್ನೊಂದು ತಿಂಗಳ ಕರಾರು, ನಾಕು ಸಲ.
ಪ್ರತಿ ಸಲ ಐದು ಪರ್ಸೆಂಟ್ ಏರಿಸಬೇಕಂತ ಬಾಂಡಿನಾಗ ಐತಿ,
ಪ್ರತಿ ಸಲ ಅಂವ ರಿಸಲ್ಟ್ ನೋಡಿ ಬಂದು ಬಾಗಿಲಾಗ ನಿಂತಾಗ
ನನ್ನ ನಾಲಿಗಿ ಏಳಲಿಲ್ಲ.
ಆದ್ರ ಒಂದು ಮಾತು ಒಪ್ಪಿಕೊಂಡಬಿಡ್ತೇನಿ:
ಪರೀಕ್ಷೆ ಮುಂದಕ್ಕ ಹೋತಂತ ಪೇಪರಿನಾಗ ಬಂದ ದಿನ
ಓಣಿ ಹುಡುಗ್ರೆಲ್ಲ ತಲಿ ಹಿಡಕೊಂಡು ಕುಂತಿದ್ರು,
ನಾ ಒಳಗ ಹೋಗಿ ಕ್ಯಾಲೆಂಡರಿನಾಗ
ಇನ್ನೊಂದು ವರ್ಷ ಆರೂ ಸೀಟು ಫುಲ್ ಅಂತ ಗುರ್ತು ಹಾಕಿದೆ.
ಕಸ್ತೂರೆವ್ವ ನೋಡಿದಳು. ಏನೂ ಅನ್ನಲಿಲ್ಲ.
ಆವತ್ತು ಸಾಬಣ್ಣಗ ಎರಡು ರೊಟ್ಟಿ, ಹೆಸರುಕಾಳ ಪಲ್ಯ ಕಳಿಸಿದಳು.

ಮೊನ್ನೆ ಸಾಬಣ್ಣ ಪಾಸಾದ.
ಪೇಢೆ ಕೊಟ್ಟು ಹ್ವಾದಾಂವ ತಿರುಗಿ ಬಂದ:
"ಅಡ್ವಾನ್ಸ್ ರೀ..."
ಹದಿನೈದು ಸಾವಿರ. ಅದು ನನ್ನ ರೊಕ್ಕಲ್ಲ,
ಬ್ಯಾರೆ ಇಡಬೇಕಿತ್ತು. ಹೋದ ಬ್ಯಾಸಿಗ್ಯಾಗ ಮೋಟರಿನ ಜೋಡಿ ಸುಟ್ಟು ಹೋತು.
ಬಸ್ಸಿನಾಗ ಚಿಲ್ಲರೆ ಇಲ್ಲದಾಗ
ಟಿಕೀಟಿನ ಹಿಂದ ಬರದು ಕೊಡ್ತಿದ್ವಿ: ಎಂಟು ರೂಪಾಯಿ, ಇಳಿಯೂ ಮುಂದ ತೊಗೋರಿ.
ಎಷ್ಟೋ ಮಂದಿ ನಿದ್ದಿಗಣ್ಣಾಗ ಹಂಗ ಇಳದು ಹೋದ್ರು
ಅಣ್ಣಿಗೇರ್ಯಾಗ, ನವಲಗುಂದದಾಗ.
ಅವರ ಎಂಟೆಂಟು ರೂಪಾಯಿ
ಈ ಗ್ವಾಡ್ಯಾಗ ಎಲ್ಲೋ ಇಟ್ಟಂಗಿ ಆಗ್ಯಾವ.
ಸಾಬಣ್ಣಗ ನಿದ್ದಿ ಹತ್ತಿರಲಿಲ್ಲ.

ಕರಾರಿನಾಗ ಐತಿ: ಬಣ್ಣಕ್ಕಂತ ಒಂದು ತಿಂಗಳ ಬಾಡಿಗಿ ಮುರಕೋಬಹುದು.
ಖೋಲಿ ನೋಡಾಕ ಹ್ವಾದ್ವಿ.
ಹನ್ನೆರಡು ಮೊಳಿ.
ಗ್ವಾಡಿ ತುಂಬ ಬಾಲ್‌ಪೆನ್ನಿನಾಗ
ನದಿ ಹುಟ್ಟೂ ಜಾಗ, ಕಲಮುಗಳ ನಂಬರು, ಶೇಕಡಾ ಲೆಕ್ಕ.
ಸ್ವಿಚ್ಚಿನ ಹಂತ್ಯಾಕ ಸಣ್ಣ ಅಕ್ಷರದಾಗ
ನನಗ ಕೊಟ್ಟ ಬಾಡಿಗಿ, ತಿಂಗಳವಾರು, ಟಿಕ್ ಹಾಕಿ.
ಒಂದು ಶ್ರಾವಣಕ್ಕ ಟಿಕ್ ಇಲ್ಲ.
ನನಗ ನೆನಪಿರಲಿಲ್ಲ. ಅಂವಗ ಇತ್ತು.
"ಅದನ್ನ ಹಿಡಕೊಂಡು ಕೊಡ್ರಿ" ಅಂದ.
ಹನ್ನೊಂದೂವರಿ ಸಾವಿರ ಎರಡು ಸಲ ಎಣಿಸಿ ಕೊಟ್ಟೆ.
ಬಣ್ಣದ್ದು ಮುರೀಲಿಲ್ಲ.

ಮರುದಿನ ಪೇಂಟರ್ ದಾದಾಪೀರಗ ಫೋನ್ ಹಚ್ಚೂದರೊಳಗ
ರೋಣದಿಂದ ಒಬ್ಬಾಂವ ಖೋಲಿ ನೋಡಾಕ ಬಂದ.
ನಿಂತು ಗ್ವಾಡಿ ಓದಿದ, ಭಾಳ ಹೊತ್ತು.
"ಇಲ್ಲಿದ್ದಾಂವ ಏನಾದ್ರಿ?"
"ಪಾಸಾದ."
"ಹಂಗಾರ ಬಣ್ಣ ಹಚ್ಚಬ್ಯಾಡ್ರಿ."
ನಾ ಬಾಯಿ ತೆಗಿಯೂದರೊಳಗ
ಹಿಂದಿನಿಂದ ಕಸ್ತೂರೆವ್ವ:
"ಈ ಖೋಲಿಗೆ ಇನ್ನೂರು ಜಾಸ್ತಿ, ತಮ್ಮಾ."