ಝೀರೋ ನೋಡಿದ್ರೇನ್ರಿ, ಸಿಸ್ಟರ್?

ಇಪ್ಪತ್ತಾರು ವರ್ಷ ಆತು, ಗದಗ ರೋಡಿನ ವರ್ಕ್‌ಶಾಪಿನೊಳಗ
ಗಾಲಿ ಅಳಿಯಾವ ನಾನು.
ಉಕ್ಕಿನ ಮೈಗೆ ಕ್ಯಾಲಿಪರ್ ಹಚ್ಚಿ
ಕೂದಲೆಳಿಯಷ್ಟು ಸವದಿದ್ರೂ
ಜಾಬ್ ಕಾರ್ಡಿನ ಮ್ಯಾಲೆ ಬರಿಯಾವ.

ಇವತ್ತ ರೈಲ್ವೆ ದವಾಖಾನಿಯೊಳಗ
ಅಂಗಿ ಕಳದು ನಿಂತಿದ್ದೆ.
ರೆಬೆಕಾ ಸಿಸ್ಟರ್ ಕೈಯಾಗೂ ಒಂದು ಕ್ಯಾಲಿಪರ್.
ಪ್ಲಾಸ್ಟಿಕ್ಕಿಂದು, ಬಾತುಕೋಳಿ ಬಾಯಿಯಂಥಾದ್ದು.
ಉಸರು ಬಿಗಿ ಹಿಡೀಬ್ಯಾಡ್ರಿ, ಹೊಟ್ಟಿ ಸಡಲ ಬಿಡ್ರಿ, ಅಂದಳು.
ಹೊಟ್ಟಿ ಸಡಲ ಬಿಡೂದು
ಅಂಗಿ ಬಿಚ್ಚೂದಕ್ಕಿಂತ ನಾಚಿಕಿ ಕೆಲಸ.

ಕೇಳೇಬಿಟ್ಟೆ: ಝೀರೋ ನೋಡಿದ್ರೇನ್ರಿ, ಸಿಸ್ಟರ್?
ಆಕಿ ನಗಲಿಲ್ಲ. ದವಡಿ ಮುಚ್ಚಿ ಮುಳ್ಳು ತೋರಿಸಿದಳು.
ಸೊನ್ನಿ ಮ್ಯಾಲೇ ಇತ್ತು.
ಆಮ್ಯಾಲೆ ಎದಿ, ಹೊಕ್ಕಳ ಬಾಜೂಕ, ತೊಡಿ.
ಒಂದೊಂದು ಜಾಗಾ ಮೂರ್ ಮೂರು ಸಲ,
ಚೂಟಿ, ತಡದು, ಓದಿ, ಬಿಟ್ಟು, ಮತ್ತ ಚೂಟಿ.
ನಮ್ಮ ಅಪ್ರೆಂಟಿಸ್ ಹುಡುಗ್ರು ಒಂದ ಸಲಕ್ಕ ಬರದು
ಚಾ ಕುಡಿಯಾಕ ಹೋಗ್ತಾವ.
ಈಕಿ ಮ್ಯಾಲೆ ನನಗ ಗೌರವ ಬಂತು.

ಇಪ್ಪತ್ತೊಂಬತ್ತು, ಅಂದಳು.
ನೂರರಾಗ ಇಪ್ಪತ್ತೊಂಬತ್ತು ಪಾಲು ಕೊಬ್ಬು, ಬಡಿಗೇರವರ.
ಸಾಧ್ಯ ಇಲ್ರಿ. ತೂಕ ಅರವತ್ತಾರು,
ಲಗ್ನದಾಗ ಎಷ್ಟಿತ್ತೋ ಅಷ್ಟ ಐತಿ.
ತಕ್ಕಡಿ ಸುಳ್ಳು ಹೇಳೂದಿಲ್ರಿ, ಅರ್ಧ ಹೇಳತೈತಿ.
ಖರೇನ. ಕಬ್ಬಿಣ ಸವದು
ಅದರ ಜಾಗಾದಾಗ ಗ್ರೀಸು ಕುಂತ್ರೂ
ತಕ್ಕಡಿ ಮುಳ್ಳಿಗೆ ಏನ್ ಗೊತ್ತಾಗಬೇಕು?

ನನ್ನ ಮುಂದ ಪಾಳಿಯೊಳಗಿದ್ದ ದಾವಲಸಾಬ,
ಕ್ರೇನ್ ನಡಸಾವ, ತೊಂಬತ್ತು ಕೆಜಿ ಆಳು,
ಮುಂಜಾನೆ ಐದಕ್ಕ ಎದ್ದು ತಾಲೀಮು ಮಾಡಾವ.
ಅವಂದು ಇಪ್ಪತ್ತು.
ಬಾಗಲದಾಗ ನಿಂತು ಮೀಸಿ ತಿರವಿದ.

ಚೂಟಿದ್ರ ಸಿಗೂ ಕೊಬ್ಬು ಅಷ್ಟು ಕೆಟ್ಟದ್ದಲ್ರಿ, ಅಂದಳು ಸಿಸ್ಟರ್.
ಒಳಗ, ಕರಳು ಪಿತ್ತಜನಕಾಂಗದ ಸುತ್ತ ಮನಿ ಮಾಡಿರತೈತಲ್ಲ,
ಅದು ಈ ಚಿಮಟಿಗೆ ಸಿಗೂದಿಲ್ಲ.
ಟೇಪು ತಗೊಂಡು ನಡಾ ಸುತ್ತಿದಳು. ತೊಂಬತ್ತೆಂಟು.
ತೊಂಬತ್ತರ ಒಳಗ ಇರಬೇಕಿತ್ತಂತ.
ಸೋಮವಾರ ಏನೂ ತಿನ್ನದ ಬರ್ರಿ, ರಕ್ತ ನೋಡೂಣು, ಸಕ್ಕರಿ ನೋಡೂಣು.

ಹಂಗಾರ ಎಷ್ಟಿರಬೇಕ್ರಿ? ಸೊನ್ನಿ?
ಈಗ ನಕ್ಕಳು. ಸೊನ್ನಿ ಆದ್ರ
ಮನಶಾನ ಇರೂದಿಲ್ಲ ಯಜಮಾನ್ರ.

ನನಗ ಕಿಮ್ಸ್‌ನ ವಾರ್ಡು ನೆನಪಾತು.
ಅಣ್ಣ ಮಾನಪ್ಪ, ಕಡೀ ತಿಂಗಳು.
ಸೂಜಿ ಮಾಡಾಕ ತೋಳು ಚೂಟಿದ್ರ
ಬರೇ ತೊಗಲು ಎದ್ದು ಬರ್ತಿತ್ತು,
ಹಗ್ಗದ ಮ್ಯಾಲಿನ ಒಣ ಅರಿವಿ ಹಂಗ.
ಆ ತೋಳಿಗೆ ಈ ಕ್ಯಾಲಿಪರ್ ಹಚ್ಚಿದ್ರ
ದವಡಿ ದವಡಿಗೆ ಮುಟ್ಟತಿತ್ತು.
ಅವನ ಮಣ್ಣು ಮಾಡಿ ಬಂದ ದಿನಾನ
ಕಾಳಕ್ಕ ನನ್ನ ರೊಟ್ಟಿ ಮ್ಯಾಲಿನ ಬೆಣ್ಣಿ
ಎರಡು ಬೆರಳು ಏರಿಸಿದಳು.
ಹನ್ನೊಂದು ವರ್ಷ ಆತು, ಇಳಿಸಿಲ್ಲ.
ಬ್ಯಾಡ ಅಂದ್ರ ಕಣ್ಣಾಗ ನೀರು ತರತಾಳ.
ಸಿಸ್ಟರ್ ಚೂಟಿ ಓದಿದ್ದು
ಆಕಿ ಅಂಜಿಕಿ.

ವರ್ಕ್‌ಶಾಪಿಗೆ ತಿರುಗಿ ಹೋಗಿ
ಒಂದು ಗಾಲಿ ಅಳದೆ.
ಎಷ್ಟು ಓಡಿತ್ತೋ ಅಷ್ಟು ಸವದಿತ್ತು.
ನಾನು? ಕುಂತೇ ಇದ್ದೆ.
ಸಂಜೀಕ ಗಾಡಿ ಅಲ್ಲೇ ಬಿಟ್ಟು ಕೇಶ್ವಾಪುರದ ತನಕಾ ನಡದೆ,
ಮಿರ್ಚಿ ಭಜಿ ಗಾಡಿ ಕಂಡಲ್ಲೆ ರಸ್ತೆ ದಾಟಿ.
ಎರಡು ಸಲ ದಾಟಿದೆ. ಮೂರನೇದಕ್ಕ ನಿಂತೆ, ಒಂದ ತಿಂದೆ.

ರಾತ್ರಿ ಕಾಳಕ್ಕಗ ಹೇಳಿದೆ: ನೂರಕ್ಕ ಇಪ್ಪತ್ತೊಂಬತ್ತು.
ಆಕಿ ಹೌಹಾರಿದಳು.
ಅಯ್ಯ, ಪಾಸಾಗಾಕ ಮೂವತ್ತೈದು ಬೇಕಲ್ಲ?
ನಾ ನಕ್ಕೆ, ಹೊಟ್ಟಿ ಅಳ್ಳಾಡೂವಂಗ.
ನಕ್ಕೋತನ ತಿಳಿಸಿ ಹೇಳಿದೆ.
ಮಾತಾಡಲಿಲ್ಲ.
ಬೆಣ್ಣಿ ಗಡಿಗಿ ಕೈಯಾಗ ಹಿಡಕೊಂಡು,
ಚಮಚ ಅದರಾಗ ಊರಿ,
ಇನ್ನೂ ಅಲ್ಲೇ ನಿಂತಾಳ.