ಇದ್ದರೆ ಕೆಡುವುದಿಲ್ಲ

ಹಳೇ ಕಂಬಳಿ ಹಾಸಿ ಒಂದೊಂದಾಗಿ ಇಡುತ್ತೇನೆ:
ಫ್ಯಾನ್ ಬೆಲ್ಟು, ಎರಡು. ಕಂಡೆನ್ಸರು. ಪಾಯಿಂಟು.
ಪೆಟ್ರೋಲ್ ಪಂಪಿನ ರಬ್ಬರ್ ಪೊರೆ,
ಅಂಗೈಯಗಲ, ನಿನ್ನೆಯ ರೊಟ್ಟಿಯಷ್ಟು ದಪ್ಪ.

ನಾಳೆ ದಲನ್‌ಜದ್‌ಗದ್ ಬಿಟ್ಟು ಗುರ್ವಾನ್‌ತೆಸ್‌ಗೆ.
ಮುನ್ನೂರು ಚಿಲ್ಲರೆ ಕಿಲೋಮೀಟರು, ಎನ್ನುತ್ತದೆ ನಕ್ಷೆ.
ನಕ್ಷೆಗೇನು,
ಅದಕ್ಕೆ ಆಕ್ಸಲಿಲ್ಲ.

ಹೊಸ ವರ್ಷದ ರಜೆಗೆ ಹಾಸ್ಟೆಲಿನ ನಾಲ್ಕು ಮಕ್ಕಳು,
ಐದು ಜನ ದೊಡ್ಡವರು, ಒಂದು ಹೊಲಿಗೆ ಯಂತ್ರ,
ಯಾರದೋ ಹಿಟ್ಟಿನ ಮೂಟೆ.
ವ್ಯಾನು ರಷ್ಯಾದ್ದು, ನನಗಿಂತ ಎರಡು ವರ್ಷ ಹಿರಿದು,
ಹಿಂಬಾಗಿಲಿಗೆ ಚಿಲಕ ಹೋಗಿ ಹಗ್ಗ ಬಂದಿದೆ.
ಕಬ್ಬಿಣ ಒಂದು ಕಿಲೋ ಏರಿದರೆ
ಪೆಟ್ರೋಲು ಒಂದು ಕಿಲೋ ಇಳಿಯಬೇಕು.

ಸ್ಪ್ರಿಂಗಿನ ತಾಯಿಪಟ್ಟಿ ಹನ್ನೊಂದು ಕಿಲೋ.
ಇಟ್ಟೆ. ತೆಗೆದೆ. ಮತ್ತೆ ಇಟ್ಟೆ.

ಒಲೆಯ ಪಕ್ಕ ಉಪ್ಪು ಚಹಾ ಹೀರುತ್ತಾ
ಮಾವ ಪುರೆವ್ಸುರೆನ್ ಸದ್ದಿನಲ್ಲೇ ಗುರುತಿಸುತ್ತಾನೆ.
ಮೂವತ್ತು ವರ್ಷ ಇದೇ ಸ್ಟಿಯರಿಂಗು ಹಿಡಿದವನು,
ಈಗ ಎರಡೂ ಕಣ್ಣಿಗೆ ಪೊರೆ.
“ಪಟ್ಟಿ ಮುರಿದರೆ ಒಂಟೆಯ ಹಸಿ ಚರ್ಮ ಬಿಗಿದು ಸುತ್ತು,
ಈ ಚಳಿಗೆ ಬೆಳಗಾಗುವಷ್ಟರಲ್ಲಿ ಸೆಟೆದು ಕಬ್ಬಿಣವಾಗುತ್ತೆ.
ಪಂಪಿನ ಪೊರೆ ಹರಿದರೆ
ಏನು ಸುತ್ತುತ್ತೀ?”

ಹೇಳುವುದು ಸುಲಭ. ಅವನ ನೋಟ್‌ಬುಕ್ಕು ಬೇರೆ ಹೇಳುತ್ತದೆ:
‘ನೋಯಾನ್ ದಾಟಿ, ಹಿಂದಿನ ಆಕ್ಸಲ್. ಎರಡು ರಾತ್ರಿ.’
‘ಕೆಂಪು ದಿಬ್ಬ. ರೇಡಿಯೇಟರ್ ಸೋರಿತು. ಹಿಟ್ಟು ಕಲಸಿ ಮೆತ್ತಿದೆ.’
‘ಅದೇ ದಿಬ್ಬ. ಅದೇ ಸೋರಿಕೆ. ಹಿಟ್ಟಿಲ್ಲ.’

ಪುಟದ ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ, ಇನ್ನೊಂದು ಲೆಕ್ಕ:
ಓಚಿರ್‌ಖೂಗೆ ಡಿಸ್ಟ್ರಿಬ್ಯೂಟರ್ ಮುಚ್ಚಳ.
ಗುರುತಿಲ್ಲದವನಿಗೆ ಟ್ಯೂಬು, ಒಂದು.
ಅವನ ತಮ್ಮನಿಗೂ ಒಂದು.
ಕುರಿ ಕಾಯುವ ಹೆಂಗಸಿನ ಮೋಟಾರ್‌ಸೈಕಲ್ಲಿಗೆ ಪ್ಲಗ್ಗು.
ಕೂಡಿಸುತ್ತಾ ಹೋದೆ:
ಮೂವತ್ತು ವರ್ಷ ಹೊತ್ತದ್ದರಲ್ಲಿ ಮುಕ್ಕಾಲು ಪಾಲು
ಈ ವ್ಯಾನಿನ ಮೈಗೆ ಹತ್ತಲೇ ಇಲ್ಲ.

ಆಗ ಕಂಡಿತು, ಡಬ್ಬದ ತಳದಲ್ಲಿ
ಮಗುವಿನ ಒಂಟಿ ಕಾಲ್ಚೀಲ. ಒಳಗೆ ಸಣ್ಣ ಪ್ಲಗ್ಗು, ಹೊಚ್ಚ ಹೊಸದು.
“ಇದು ನಮ್ಮದಕ್ಕೆ ಕೂರುವುದೇ ಇಲ್ಲವಲ್ಲ ಮಾವ?”
“ಕೂರಲ್ಲ.”
“ಮತ್ತೆ?”
ಬಟ್ಟಲು ಮುಂದೆ ಚಾಚಿದ. ಇನ್ನಷ್ಟು ಚಹಾ ಬೇಕಂತೆ.

ನಮ್ಮಲ್ಲಿ ಒಂದು ಮಾತಿದೆ:
ಜೊತೆಗಿದ್ದದ್ದು ಕೆಡುವುದಿಲ್ಲ, ಬಿಟ್ಟುಬಂದದ್ದೇ ಕೆಡುವುದು.
ಡ್ರೈವರುಗಳೆಲ್ಲ ನಗುತ್ತಾ ಹೇಳುತ್ತಾರೆ,
ಹೇಳುವಾಗ ಬಾನೆಟ್ಟು ಮುಟ್ಟುತ್ತಾರೆ.

ಹತ್ತು ಗಂಟೆಗೆ ತಾಯಿಪಟ್ಟಿಯನ್ನು ಗೋಡೆಗೊರಗಿಸಿದೆ.
ಹನ್ನೊಂದಕ್ಕೆ ಎದ್ದು, ದೀಪ ಹಚ್ಚದೆ,
ಮತ್ತೆ ಸೀಟಿನಡಿ ತಳ್ಳಿ
ನನ್ನ ಎರಡನೇ ಕಂಬಳಿ, ದೊಡ್ಡ ಜಾಕು,
ಅತ್ತೆ ಕೊಟ್ಟ ಒಣಮೊಸರಿನ ಚೀಲದಲ್ಲಿ ಅರ್ಧ ಇಳಿಸಿದೆ.
ಕಾಲ್ಚೀಲಕ್ಕೆ ತೂಕವೇನಿಲ್ಲ.

ನಾಲ್ಕಕ್ಕೆ ಎಂಜಿನ್ನಿನಡಿ ಬೆಂಕಿ ಹಿಡಿದು ಎಣ್ಣೆ ಕರಗಿಸಿದೆವು.
ಅತ್ತೆ ನಾಲ್ಕೂ ಚಕ್ರಕ್ಕೆ ಹಾಲು ಚಿಮುಕಿಸಿದಳು, ಬಿದ್ದಲ್ಲೇ ಹೆಪ್ಪುಗಟ್ಟಿತು.
ಮಕ್ಕಳು ಹತ್ತುವ ಮೊದಲೇ ನಿದ್ದೆ.
ಊರಿನ ಕೊನೆಯ ಕಂಬ ದಾಟಿ ಮೊದಲನೇ ಗುಂಡಿಗೆ
ಸೀಟಿನಡಿ ಪಟ್ಟಿ ಒಮ್ಮೆ ಠಣ್ ಎಂದಿತು.
ಜಾಕಿನ ನೆನಪಾಯಿತು.